ಹಾಡಿಗೂ ಬಟ್ಟೆಗೂ ಒಂದೊಂದು ದೂರ

ನಿಮ್ಮ ಪ್ರಶ್ನೆ ಇದು: ‘ಮೊಬೈಲ್ ಮುಂದಿಟ್ಟ ಹಾಡನ್ನೇ ಎಲ್ಲರೂ ಕೇಳುತ್ತಾರೆ, ಅದೇ ಮೊಬೈಲ್ ತೋರಿಸಿದ ಬಟ್ಟೆಯನ್ನೇ ಎಲ್ಲರೂ ತೊಡುತ್ತಾರೆ. ನೀವಾಗಿಯೇ ಕಂಡುಕೊಂಡ ಸಂಗೀತ ಯಾವುದು, ಉಡುಗೆ ಯಾವುದು, ಅವು ಸಿಕ್ಕಿದ್ದು ಹೇಗೆ?’

ನಾನು ದಾವಣಗೆರೆಯವಳು. ನನ್ನ ಪಟ್ಟಿಯಲ್ಲಿ ಕೊರಿಯಾದ ಗಾಯಕರಿಲ್ಲ, ಇಟಲಿಯ ಬೂಟುಗಳಿಲ್ಲ. ಇರುವುದೆಲ್ಲ ಬೆಳಿಗ್ಗೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆ ಸೇರಬಹುದಾದ ಊರುಗಳಲ್ಲಿ ಸಿಕ್ಕದ್ದು. ಇಷ್ಟು ಸಾಲದು ಎನ್ನುವವರು ಮುಂದಿನ ಉತ್ತರಕ್ಕೆ ಹೋಗಬಹುದು.

ಕಂಪನಿ ನಾಟಕದಿಂದ ಆರಂಭಿಸುತ್ತೇನೆ. ದಾವಣಗೆರೆ ವೃತ್ತಿ ರಂಗಭೂಮಿಯ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರು ಇಲ್ಲಿಯವರು. ಆದರೆ ಹಳೆಯ ರಂಗಗೀತೆಗಳ ಧ್ವನಿಮುದ್ರಿಕೆಯನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ ನೋಡಿ, ಎರಡು ನಿಮಿಷಕ್ಕೆ ತಲೆ ಸಿಡಿಯುತ್ತದೆ. ಗಂಡಸರೂ ಏರುಶ್ರುತಿಯಲ್ಲೇ ಹಾಡುತ್ತಾರೆ, ಹಾರ್ಮೋನಿಯಂ ಬಿಡುವಿಲ್ಲದೆ ಬೆನ್ನಟ್ಟುತ್ತದೆ. ನಮ್ಮ ಬೀದಿಯಲ್ಲಿ ಹಿಂದೆ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರೊಬ್ಬರಿದ್ದರು. ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು. ‘ತಾಯಿ, ಆ ಹಾಡು ನಿನ್ನ ಕಿವಿಯೊಳಗೆ ಕೂತು ಹಾಡಿದ್ದಲ್ಲ. ಮೈಕ್ ಇಲ್ಲದ ಕಾಲದಲ್ಲಿ, ಅಳುವ ಕೂಸು, ಶೇಂಗಾ ಮಾರುವವನು, ಕೆಮ್ಮುವ ಮುದುಕ, ಎಲ್ಲರನ್ನೂ ದಾಟಿ ಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನನ್ನು ಮುಟ್ಟಬೇಕಿತ್ತು. ಅದಕ್ಕೇ ಕರಿ ನಾಲ್ಕು, ಕರಿ ಐದು’ ಎಂದರು. ಕರಿ ಐದು ಎಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆ. ಸಾಮಾನ್ಯ ಗಂಡಸಿನ ಗಂಟಲಿಗೆ ಅದನ್ನು ಷಡ್ಜ, ಅಂದರೆ ಆಧಾರದ ‘ಸ’ ಸ್ವರ, ಮಾಡಿಕೊಂಡು ಹಾಡುವುದು ಎಷ್ಟು ಎತ್ತರವೆಂದು ಹಾಡುವವರನ್ನು ಕೇಳಿ.

ಅವರು ಹೇಳಿದ್ದನ್ನು ಪರೀಕ್ಷಿಸಿದೆ. ಸ್ಪೀಕರನ್ನು ಹಿತ್ತಲಿನಲ್ಲಿಟ್ಟು ನಾನು ಬೀದಿಯಲ್ಲಿ ನಿಂತು ಕೇಳಿದೆ. ಕಿರುಚಾಟವೆನಿಸಿದ್ದ ಹಾಡು ಅಲ್ಲಿ ಸರಿಯಾಗಿ ಕೂತಿತು, ಒಂದೊಂದು ಅಕ್ಷರವೂ ತಿಳಿಯಿತು. ಆ ನಾಟಕಗಳ ಪೋಷಾಕಿನ ಕಥೆಯೂ ಇದೇ ಎಂದು ಆಮೇಲೆ ಹೊಳೆಯಿತು. ಮಖಮಲ್ಲಿನ ಅಂಗಿ, ಅದರ ತುಂಬ ಚಮಕಿ, ಅಂಗೈಯಗಲದ ಕಿವಿಯೋಲೆ. ಕೈಯಲ್ಲಿ ಹಿಡಿದು ನೋಡಿದರೆ ಒರಟು, ಅಗ್ಗ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕಡೆಯ ಸಾಲಿನಿಂದ ನೋಡಿದವರಿಗೆ ಮಾತ್ರ ಅದು ರಾಜನ ಉಡುಪು. ದನಿಯನ್ನು ಎಷ್ಟು ದೂರಕ್ಕೆ ಎಸೆಯಬೇಕಿತ್ತೋ ಮಿನುಗನ್ನೂ ಅಷ್ಟೇ ದೂರಕ್ಕೆ ಎಸೆಯಬೇಕಿತ್ತು.

ಅಂದಿನಿಂದ ಯಾವ ಹಾಡು ಕೇಳಿದರೂ, ಯಾವ ಬಟ್ಟೆ ಕಂಡರೂ ಇದನ್ನು ಎಷ್ಟು ದೂರದಿಂದ ಕೇಳಲೆಂದು, ನೋಡಲೆಂದು ಮಾಡಿದ್ದಾರೆ ಎಂದು ಯೋಚಿಸುತ್ತೇನೆ. ನಾನು ಕಂಡುಕೊಂಡದ್ದು ಏನಾದರೂ ಇದ್ದರೆ ಅದು ಈ ಪ್ರಶ್ನೆ. ಉಳಿದದ್ದೆಲ್ಲ ಇದರ ಹಿಂದೆ ಹೊರಟಾಗ ಸಿಕ್ಕಿದ್ದು.

(ಹಾರ್ಮೋನಿಯಂ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ಅದರ ಸ್ವರಗಳು ಸ್ಥಿರ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬಾರದು, ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳು ಅದರಲ್ಲಿ ಹಿಡಿಯುವುದಿಲ್ಲ ಎಂಬುದು ವಾದ. ವಾದದಲ್ಲಿ ಹುರುಳಿದೆ. ಆದರೆ ಆ ಮೂರು ದಶಕಗಳೂ ನಮ್ಮ ಕಡೆಯ ಟೆಂಟುಗಳಲ್ಲಿ ಅದೇ ಪೆಟ್ಟಿಗೆ ರಾತ್ರಿಯಿಡೀ ಮೊಳಗುತ್ತಿತ್ತು. ಸ್ಟುಡಿಯೋದ ಮೈಕಿನ ಮುಂದೆ ಕೂತವರ ದೂರ ಬೇರೆ, ಟೆಂಟಿನವರ ದೂರ ಬೇರೆ.)

ಮೊಬೈಲನ್ನು ನಾನು ಬೈಯುವುದಿಲ್ಲ. ಅದರದ್ದು ಒಂದು ಮೊಳದ ದೂರ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಹಾಡು ಒಮ್ಮೆ ಕೇಳಿದ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಹಾಡು ಕಟ್ಟುವವರು ಆಲಾಪಕ್ಕೆ ಸಮಯ ಕೊಡದೆ ಪಲ್ಲವಿಗೇ ಧುಮುಕುತ್ತಾರೆ. ಆನ್‌ಲೈನ್ ಕುರ್ತಾಗಳ ಎದೆಯ ಮೇಲೆ ಕಸೂತಿಯ ಜಾತ್ರೆ, ಬೆನ್ನು ಬಟಾಬಯಲು, ಫೋಟೊದಲ್ಲಿ ಬೆನ್ನು ಕಾಣುವುದಿಲ್ಲವಲ್ಲ. ನಿಮಗೆ ಎಲ್ಲವೂ ಒಂದೇ ರೀತಿ ಎನಿಸುತ್ತಿರುವುದು ಅವೆಲ್ಲ ಒಂದೇ ದೂರಕ್ಕೆ ಮಾಡಿದವಾಗಿರುವುದರಿಂದ.

ಇನ್ನು ಸೀರೆ. ತಂಗಿಯ ಮದುವೆಗೆಂದು ಮೊಳಕಾಲ್ಮುರಿಗೆ ಹೋದದ್ದು. ಚಿತ್ರದುರ್ಗ ಜಿಲ್ಲೆಯ ಅಂಚಿನ ತಾಲ್ಲೂಕು ಅದು. ಆಂಧ್ರದ ರಾಯದುರ್ಗ ಮಗ್ಗುಲಲ್ಲೇ ಇದೆ. ಅಲ್ಲಿಯ ರೇಷ್ಮೆ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಆದರೂ ಬೆಂಗಳೂರಿನ ಅಂಗಡಿಗಳಲ್ಲಿ ಕಂಚಿ, ಧರ್ಮಾವರಂ ಎಂಬಷ್ಟು ಸುಲಭವಾಗಿ ಈ ಹೆಸರು ಕಿವಿಗೆ ಬೀಳುವುದಿಲ್ಲ. ಹೂವು, ಹಣ್ಣು, ಪ್ರಾಣಿಗಳ ಬುಟ್ಟಾ, ಎದ್ದು ಕಾಣುವ ಅಂಚು, ಜರಿಯ ಸೆರಗು. ನೇಕಾರರ ಮನೆಯಲ್ಲಿ ನಾನು ಸೆರಗನ್ನು ಹಿಡಿದು ಮೆಚ್ಚುತ್ತಿದ್ದರೆ ಆ ಮನೆಯಾಕೆ ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುಚಿ ಹಾಸಿದರು. ‘ಅಕ್ಕ, ಮೇಲಿನದನ್ನು ಊರವರು ನೋಡುತ್ತಾರೆ, ಒಳಗಿನದು ನಿಮ್ಮ ಮೈಗೆ ತಗಲುತ್ತದೆ. ಮೊದಲು ಅದನ್ನು ನೋಡಿ’ ಎಂದರು.

ಒಂದೇ ಸೀರೆಗೆ ಎರಡು ದೂರ! ಮೇಲ್ಮೈ ಮದುವೆ ಮಂಟಪದಷ್ಟು ದೂರಕ್ಕೆ, ಒಳಮೈ ಚರ್ಮಕ್ಕೆ. ಅಗ್ಗದ ನೇಯ್ಗೆಯಲ್ಲಿ ಬುಟ್ಟಾದ ಹಿಂದೆ ಕತ್ತರಿಸಿ ಬಿಟ್ಟ ಎಳೆಗಳು ಸೊಂಟಕ್ಕೆ ಚುಚ್ಚುತ್ತವೆ. ಒಳ್ಳೆಯದರಲ್ಲಿ ಹಿಂಬದಿಯೂ ಬೆರಳಿಗೆ ನಯ. ಒಡಲಿಗೂ ಅಂಚಿಗೂ ಬಣ್ಣ ಬೇರೆ ಇದ್ದು, ಎರಡೂ ಒಂದರೊಳಗೊಂದು ಸೋರದೆ ಗೆರೆ ಎಳೆದಂತೆ ನಿಲ್ಲಬೇಕಾದರೆ ಒಡಲಿಗೊಂದು ಲಾಳಿ, ಅಂಚುಗಳಿಗೆ ಬೇರೆ ಲಾಳಿ ಓಡಬೇಕು. ಕೂಡುವ ಆ ಗೆರೆಯನ್ನು ಹಿಂಬದಿಯಿಂದ ಎಳೆದು ನೋಡಿ, ಸಡಿಲವಿರಬಾರದು. ಜರಿಯದು ಇನ್ನೊಂದು ಪಾಠ. ಅಸಲಿ ಜರಿ ಎಂದರೆ ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ಲೇಪ. ಉಗುರಿನಿಂದ ಗೀರಿದರೆ ಒಳಗಿನ ಎಳೆ ಸಾಮಾನ್ಯವಾಗಿ ಕೆಂಪಗೆ ಕಾಣುತ್ತದೆ. ಇಂದು ಹೆಚ್ಚಾಗಿ ಸಿಗುವುದು ತಾಮ್ರದ ಜರಿ ಅಥವಾ ಪ್ಲಾಸ್ಟಿಕ್ ಜರಿ. ಅದರಲ್ಲಿ ತಪ್ಪೇನಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಬೇಕು. ರೇಷ್ಮೆಯ ಮೇಲೆಯೇ ಅನುಮಾನವಿದ್ದರೆ ಕುಚ್ಚಿನ ಒಂದೆರಡು ಎಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಆ ಸೀರೆಯ ಮೇಲೆ ರವಿಕೆ ಏನು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಜಗಳವಾಯಿತು. ದಾವಣಗೆರೆಯ ಮ್ಯಾಚಿಂಗ್ ಸೆಂಟರ್‌ಗಳಲ್ಲಿ ಸೀರೆಯ ತುಂಡು ಹಿಡಿದು ಬೆಳಕಿಗೆ ಬಂದು ನಿಲ್ಲುವ ಹೆಂಗಸರ ಸಾಲು ನೀವೂ ನೋಡಿರುತ್ತೀರಿ. ಅಚ್ಚು ಅದೇ ಬಣ್ಣ ಸಿಗುವವರೆಗೆ ಮನೆಗೆ ಹೋಗುವಂತಿಲ್ಲ! ನಾನು ಉತ್ತರ ಕರ್ನಾಟಕದ ಗುಳೇದಗುಡ್ಡದಲ್ಲಿ ನೇಯುವ ಖಣವೆಂಬ ಬಟ್ಟೆಯ ಕುಬಸ (ರವಿಕೆ) ಹಾಕಿಕೊಂಡೆ. ನಮ್ಮದು ಉತ್ತರದ ಕುಬಸವೂ ದಕ್ಷಿಣದ ರೇಷ್ಮೆಯೂ ಸಂಧಿಸುವ ಊರು, ಇಲ್ಲಿಯವರಿಗೆ ಇದು ಹೊಳೆಯದಿದ್ದರೆ ಇನ್ಯಾರಿಗೆ ಹೊಳೆಯಬೇಕು? ದೊಡ್ಡಮ್ಮ ಮೂಗು ಮುರಿದರು. ಮುಂದಿನ ಹಬ್ಬಕ್ಕೆ ಅವರ ಸೊಸೆಯೂ ಹಾಗೆಯೇ ಉಟ್ಟರು, ಅದನ್ನು ಮಾತ್ರ ಯಾರೂ ನನ್ನೆದುರು ಎತ್ತುವುದಿಲ್ಲ.

ಉರುಮೆಯನ್ನು ಹತ್ತಿರದಿಂದ ಕೇಳಿದ್ದೂ ಆ ಸೀರೆಯ ಪ್ರಯಾಣದಲ್ಲೇ. ಊರ ದೇವರ ಉತ್ಸವವೊಂದು ಬೀದಿಯಲ್ಲಿ ಬರುತ್ತಿತ್ತು. ಚಳ್ಳಕೆರೆ, ಮೊಳಕಾಲ್ಮುರು ಭಾಗದಲ್ಲಿ ಮ್ಯಾಸನಾಯಕ ಸಮುದಾಯದವರ ದೇವರ ಕಾರ್ಯಗಳಲ್ಲಿ ಉರುಮೆ ಇರುತ್ತದೆ. ನಡು ಸಣ್ಣಗಿರುವ, ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ನಾದ ಹುಲಿ ಗುರುಗುಟ್ಟಿದಂತೆ ಹೊಟ್ಟೆಗೆ ಮೊದಲು ತಾಕಿ ಆಮೇಲೆ ಕಿವಿಗೆ ಬರುತ್ತದೆ. ಅಲ್ಲಿಯೇ ಮೊಬೈಲ್‌ನಲ್ಲಿ ದಾಖಲಿಸಿಕೊಂಡೆ. ಮನೆಗೆ ಬಂದು ಹಾಕಿದರೆ ಬಡಿತವಷ್ಟೇ ಇತ್ತು, ಗುರುಗುಟ್ಟುವಿಕೆ ಮಾಯ. ಅಷ್ಟು ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಬೆರಳುಗುರಿನಷ್ಟು ಸ್ಪೀಕರಿಗಿಲ್ಲ. ಉರುಮೆಯ ರೀಲ್ ನೋಡಿ ‘ಇಷ್ಟೇನಾ’ ಎಂದವರ ಮೇಲೆ ನನಗೆ ಕೋಪವಿಲ್ಲ, ಅವರು ಉರುಮೆಯನ್ನು ಇನ್ನೂ ಕೇಳಿಯೇ ಇಲ್ಲ.

ಗಣೆ ಇದಕ್ಕೆ ಪೂರ್ತಿ ವಿರುದ್ಧ. ಹಿರಿಯೂರು, ಶಿರಾ ಕಡೆಯ ಕಾಡುಗೊಲ್ಲರ ಉದ್ದನೆಯ ಬಿದಿರಿನ ಕೊಳಲು. ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಥೆಯನ್ನು ಅವರು ಹಾಡುವುದು ಇದರ ಜೊತೆಗೆ. ಕೊಳಲು ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಗಣೆಯಲ್ಲಿ ಸ್ವರದಷ್ಟೇ ಉಸಿರೂ ಕೇಳಿಸುತ್ತದೆ. ಒಂದಷ್ಟು ಊದಿ, ನಿಲ್ಲಿಸಿ, ಕಥೆಯ ಒಂದು ತುಂಡು ಹಾಡಿ, ಮತ್ತೆ ಊದುತ್ತಾರೆ. ಕಡೆಯ ಸಾಲಿನವನ ಚಿಂತೆ ಇಲ್ಲಿಲ್ಲ. ದನಗಳ ನಡುವೆ ರಾತ್ರಿ ಕಳೆಯುವವನು ತನಗಾಗಿ, ದನಗಳಿಗಾಗಿ ನುಡಿಸಿಕೊಂಡ ನಾದವೆಂದೇ ನನಗೆ ಅನಿಸುವುದು. ಇದಕ್ಕೆ ಮಾತ್ರ ಇಯರ್‌ಫೋನ್ ಸರಿಹೊಂದುತ್ತದೆ, ಆಶ್ಚರ್ಯ! ಕಣ್ಣು ಮುಚ್ಚಿ ಕೇಳಿದರೆ ಊದುವವರ ಉಸಿರು ಪಕ್ಕದಲ್ಲೇ ಇರುತ್ತದೆ.

ಗೊಲ್ಲರ ಹಾಡೆಂದ ಮೇಲೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಹೇಳದೆ ಇರಲಾರೆ. ಓದುಬರಹ ಬಾರದ ಆಕೆಗೆ ಸಾವಿರಾರು ಹಾಡು ನೆನಪಿನಲ್ಲಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಕೃಷ್ಣಮೂರ್ತಿ ಹನೂರು ಅವರು ಆಕೆಯ ಹಾಡುಗಳನ್ನು ಸಂಗ್ರಹಿಸಿದ್ದಾರೆ. ಪುಸ್ತಕ ಸಿಕ್ಕರೆ ಮನಸ್ಸಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ.

ಕಂಬಳಿ ಸಿಕ್ಕಿದ್ದು ಗಣೆಯ ಬೆನ್ನು ಹತ್ತಿದಾಗ. ನುಡಿಸಿದ ಹಿರಿಯರ ಹೆಗಲ ಮೇಲೆ ಒಂದು ಕರಿಕಂಬಳಿ ಇತ್ತು. ಎಲ್ಲಿಯದು ಎಂದರೆ ಚಳ್ಳಕೆರೆ ಎಂದರು. ಎಣ್ಣೆ ಗಿರಣಿಗಳಿಗೆ ಹೆಸರಾದ ಆ ಊರು ಕಂಬಳಿಗೂ ಅಷ್ಟೇ ಹೆಸರುವಾಸಿ. ದಖನಿ ಕುರಿಯ ಒರಟು ಉಣ್ಣೆ, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ, ಗುಂಡಿ ಮಗ್ಗದ ನೇಯ್ಗೆ. ಸಣ್ಣ ಮಳೆಯ ನೀರು ಮೇಲೆಯೇ ಜಾರುತ್ತದೆ, ಉಣ್ಣೆಯ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ನಾನು ಒಂದು ಕೊಂಡು ತಂದು ತೋಳಿಲ್ಲದ ಜಾಕೆಟ್ ಹೊಲಿಸಬೇಕೆಂದು ನಮ್ಮ ದರ್ಜಿಯ ಬಳಿ ಒಯ್ದೆ. ಅವರು ಕತ್ತರಿಯನ್ನು ಕೆಳಗಿಟ್ಟರು. ‘ಅಕ್ಕ, ದೇವರ ಗದ್ದುಗೆಗೆ ಹಾಸುವ ವಸ್ತು, ಇದನ್ನು ಕತ್ತರಿಸುವುದೇ?’ ಕಂಬಳಿ ಬೀಸಿ ಮಳೆ ತರಿಸಿದವರ ಕಥೆ ಕೇಳಿ ಬೆಳೆದವರ ಎದುರು ಫ್ಯಾಷನ್ ವಾದ ನಡೆಯುವುದಿಲ್ಲ. ಕೊನೆಗೆ ಅವರೇ ದಾರಿ ತೋರಿಸಿದರು. ಕತ್ತರಿ ಹಾಕದೆ, ಭುಜದ ಬಳಿ ಎರಡು ಮಡಿಕೆ ಕೊಟ್ಟು ಹೊಲಿದು, ಕುತ್ತಿಗೆ ತಾಗುವಲ್ಲಿ ಹಳೆಯ ಹತ್ತಿ ಸೀರೆಯ ಪಟ್ಟಿ ಕೂಡಿಸಿದರು. ಹೊಲಿಗೆ ಬಿಚ್ಚಿದರೆ ಮತ್ತೆ ಇಡೀ ಕಂಬಳಿ. ಚುಚ್ಚುತ್ತದೆ ಎಂದು ದೂರಬೇಡಿ. ಕಂಬಳಿಯ ಮೇಲೆ ಕೂತು ಉಣ್ಣುವಾಗ ಕೂದಲು ಆರಿಸುವುದು ಎಂಬ ಗಾದೆ ಇರುವುದೇ ಅಂಥವರಿಗಾಗಿ.

ಹೇಗೆ ಸಿಕ್ಕಿತು ಎಂದು ಕೇಳಿದ್ದೀರಿ. ಹುಡುಕಲೆಂದೇ ಹೊರಟಾಗ ನನಗೆ ಏನೂ ಸಿಕ್ಕಿದ್ದಿಲ್ಲ. ಕೆಲಸವಿಟ್ಟುಕೊಂಡು ಹೋಗಿ: ಸೀರೆ ಕೊಳ್ಳಲು, ನೆಂಟರ ಮದುವೆಗೆ, ಹರಕೆಗೆ. ಕೆಲಸ ಮುಗಿದ ಮೇಲೆ ‘ಇದನ್ನು ಮಾಡಿದವರು ಯಾರು, ಅವರು ಬಿಡುವಾದಾಗ ಏನು ಕೇಳುತ್ತಾರೆ’ ಎಂದು ಇನ್ನೊಂದು ಮಾತು ವಿಚಾರಿಸಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆ ಫಾಲ್ಗುಣದಲ್ಲಿ, ಬಿಸಿಲು ಜೋರಿರುತ್ತದೆ, ನೀರು ಒಯ್ಯಿರಿ. ದಾವಣಗೆರೆಯ ದುರ್ಗಾಂಬಿಕೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಸಮಯದಲ್ಲಿ ಕಂಪನಿ ನಾಟಕ ಬಂದಿದ್ದರೆ ಮುಂದಿನ ಕುರ್ಚಿಗೆ ಹಣ ಕೊಡದೆ ಹಿಂದೆ ಕೂತುಕೊಳ್ಳಿ. ಹೊಸ ಕಂಬಳಿ ಕೊಂಡರೆ ಬಿಸಿನೀರಿಗೂ ವಾಷಿಂಗ್ ಮಷಿನ್‌ಗೂ ಹಾಕಬೇಡಿ, ಕುಗ್ಗಿ ಗಂಟಾಗುತ್ತದೆ. ತಣ್ಣೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿದರೆ ಹುಣಸೆಯ ಗಂಜಿ ಬಿಟ್ಟು ಮೆತ್ತಗಾಗುತ್ತದೆ. ಮೊದಲ ಮಳೆಗಾಲದಲ್ಲಿ ಕುರಿಯ ವಾಸನೆ ಬರುವುದು ಖಂಡಿತ, ಮನೆಯವರಿಗೆ ಮೊದಲೇ ತಿಳಿಸಿಡಿ.