ಯುಪಿಎಸ್ ಇರುವ ಸರ್ವರ್ ಮಾತ್ರ ಆಫ್ ಆಗುತ್ತದೆ, ಯಾಕೆ?

ಪ್ರಶ್ನೆ: ತೀರ್ಥಹಳ್ಳಿ ತಾಲೂಕಿನ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತ. ದೀಪಾವಳಿ ಕಳೆದಾಗಿನಿಂದ ನಮ್ಮ ಸರ್ವರ್ ದಿನಕ್ಕೆ ಒಂದೆರಡು ಸಲ ತಾನಾಗೇ ಆಫ್ ಆಗಿ ತಾನಾಗೇ ಆನ್ ಆಗುತ್ತದೆ. ಕರೆಂಟ್ ಹೋಗಿರುವುದಿಲ್ಲ, ಲೈಟು ಒಂದು ಗಳಿಗೆ ಮಂಕಾಗುತ್ತದೆ ಅಷ್ಟೆ. ಕೌಂಟರಿನ ಎರಡು ಕಂಪ್ಯೂಟರ್‌ಗಳನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿದ್ದೇವೆ, ಅವಕ್ಕೆ ಏನೂ ಆಗುವುದಿಲ್ಲ. ಕರೆಂಟ್ ಹೋದರೆ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಇರುವ ಸರ್ವರಿಗೇ ಈ ಗತಿ! ರಿಪೇರಿಯವರು ಮೊದಲು ರ‍್ಯಾಮ್ ಬದಲಿಸಿದರು, ಆಮೇಲೆ ಸರ್ವರಿನ ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್, ಆಮೇಲೆ ವಿಂಡೋಸನ್ನೇ ಹೊಸದಾಗಿ ಹಾಕಿದರು. ಈಗ ಮದರ್‌ಬೋರ್ಡ್ ಅನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ತಡೆಯಿರಿ ಮಾರಾಯ್ರೇ, ಮದರ್‌ಬೋರ್ಡಿಗೆ ಈಗಲೇ ದುಡ್ಡು ಸುರಿಯಬೇಡಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಲೈಟು ಮಂಕಾಗುತ್ತದೆ ಅಂದಿರಲ್ಲ, ಅದು. ದೀಪಾವಳಿ ಅಂದಿರಲ್ಲ, ಅದೂ.

ದೀಪಾವಳಿ ಹೊತ್ತಿಗೆ ನಿಮ್ಮ ಕಡೆ ಅಡಿಕೆ ಕೊಯ್ಲು ಜೋರು, ಅಲ್ವಾ? ಸುಲಿಯುವ ಮಷಿನ್‌ಗಳು ಹೊರಗೆ ಬರುವ ಕಾಲ. ಮೋಟಾರ್ ಒಂದು ಸುಮ್ನೆ ಓಡುತ್ತಿರುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಶುರುವಾಗುವ ಗಳಿಗೆಯಲ್ಲಿ ಎಳೆಯುತ್ತದೆ. ನಿಮ್ಮ ಸಂಘಕ್ಕೂ ಅಕ್ಕಪಕ್ಕದ ಮನೆಗಳಿಗೂ ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಇದ್ದರೆ, ಆ ಒಂದು ಗಳಿಗೆ 230 ಇರಬೇಕಾದ ವೋಲ್ಟೇಜ್ 150ರ ಆಸುಪಾಸಿಗೆ ಇಳಿದರೂ ಆಶ್ಚರ್ಯವಿಲ್ಲ.

ಈಗ ತಮಾಷೆ ನೋಡಿ. ಕೌಂಟರಿನ ಕಂಪ್ಯೂಟರಿನ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟಿನವರೆಗೆ ನಡೆಯುವಂಥವು ಇರಬೇಕು. ಅವಕ್ಕೆ 150 ಆದರೂ ಚಿಂತೆಯಿಲ್ಲ. ಯುಪಿಎಸ್ ಹಾಗಲ್ಲ, ವೋಲ್ಟೇಜ್ ತೀರಾ ಇಳಿದ ಕೂಡಲೇ ಇದು ಕೆಟ್ಟ ಕರೆಂಟ್ ಅಂತ ತೀರ್ಮಾನಿಸಿ ಬ್ಯಾಟರಿಗೆ ಹಾರುತ್ತದೆ. ಬ್ಯಾಟರಿ ಸತ್ತಿದ್ದರೆ? ಸರ್ವರ್ ಅಲ್ಲೇ ಆಫ್. ಎರಡೇ ಸೆಕೆಂಡಿನಲ್ಲಿ ವೋಲ್ಟೇಜ್ ಸರಿಹೋಗಿ ಯುಪಿಎಸ್ಸಿನಲ್ಲಿ ಮತ್ತೆ ಹಸಿರು ದೀಪ ಬರುತ್ತದೆ. ಕರೆಂಟ್ ಬಂದರೆ ತಾನೇ ಆನ್ ಆಗು ಅಂತ ಸರ್ವರಿನಲ್ಲಿ ಸೆಟ್ಟಿಂಗ್ ಇದ್ದರೆ ಅದೂ ಎದ್ದು ಕೂರುತ್ತದೆ. ನೀವು ಓಡಿ ಬಂದು ನೋಡುವಷ್ಟರಲ್ಲಿ ಎಲ್ಲವೂ ಸರಿಯಾಗೇ ಇರುತ್ತದೆ, ಹಾಗಾಗಿ ಆ ಹಸಿರು ದೀಪದ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ನನ್ನ ಮಾತನ್ನು ಹಾಗೇ ನಂಬಬೇಡಿ, ಪರೀಕ್ಷೆ ಮಾಡಿ. ಆದದ್ದೆಲ್ಲ ದಾಖಲಾಗುವ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು 'ಕರ್ನಲ್-ಪವರ್ 41' ಅಂತ ಇದೆಯೇ ನೋಡಿ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ವಿಂಡೋಸ್ ತಾನೇ ಕುಸಿದರೆ ಬರೆದಿಡುವ ನಂಬರು) ಸೊನ್ನೆ ಇದ್ದರೆ ವಿಂಡೋಸ್ ತಪ್ಪು ಮಾಡಿ ಬಿದ್ದದ್ದಲ್ಲ, ಕಾಲಡಿಯ ಕರೆಂಟೇ ಹೋಗಿದೆ ಅನ್ನುವ ಅನುಮಾನ ಗಟ್ಟಿ. (ಎಸ್‌ಎಂಪಿಎಸ್ ಕೆಟ್ಟರೂ ಹೀಗೇ ಬರುತ್ತದೆ, ಆದರೆ ನಿಮ್ಮದು ಹೊಸದು.) ಅಲ್ಲಿರುವ ಸಮಯಗಳನ್ನು ಒಂದು ವಾರ ಪುಸ್ತಕದಲ್ಲಿ ಬರೆದಿಡಿ, ಪಕ್ಕದ ಮನೆಯವರು ಮಷಿನ್ ಹಾಕುವ ಹೊತ್ತನ್ನೂ ಕೇಳಿ ಬರೆಯಿರಿ, ಎರಡೂ ಹೊಂದುತ್ತವೆಯೇ ನೋಡಿ.

ಆಮೇಲೆ ಸಂಜೆ ಕೆಲಸ ಮುಗಿದ ಮೇಲೆ ಬ್ಯಾಕಪ್ ತೆಗೆದು, ಸರ್ವರನ್ನು ಕ್ರಮವಾಗಿ ಆಫ್ ಮಾಡಿ ಅದರ ಪ್ಲಗ್ ತೆಗೆಯಿರಿ. ಯುಪಿಎಸ್ಸಿಗೆ ಹಳೆ ಕಾಲದ ನೂರು ವ್ಯಾಟಿನ ಬಲ್ಬ್ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬ್ ಹತ್ತು ನಿಮಿಷ ಉರಿದರೆ ನನ್ನ ಲೆಕ್ಕ ತಪ್ಪು, ಇನ್ನೊಂದು ಪತ್ರ ಬರೆಯಿರಿ. ಫಕ್ಕನೆ ಆರಿದರೆ ಕಳ್ಳ ಸಿಕ್ಕ. ಬರೀ ಮೀಟರ್ ಹಿಡಿದು 12 ವೋಲ್ಟ್ ಇದೆ ಅಂತ ಬಿಡಬೇಡಿ, ಲೋಡ್ ಇಲ್ಲದಾಗ ಮುದಿ ಬ್ಯಾಟರಿಯೂ ಅಷ್ಟು ತೋರಿಸುತ್ತದೆ.

ಈ ಬ್ಯಾಟರಿಗಳ ಆಯಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಸೆಕೆ ಜಾಸ್ತಿ ಇರುವ ಕೋಣೆಯಲ್ಲಿ ಇನ್ನೂ ಕಡಿಮೆ. ಹೊಸದು ಹಾಕಿದ ದಿನವೇ ಅದರ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯಿರಿ.

ಪ್ರಶ್ನೆ: ಹೊಸನಗರ ಕಡೆಯವಳು ನಾನು. ಮಳೆಗಾಲದಲ್ಲಿ ಹೊರಗೇ ಚಳಿ. ಸರ್ವರ್ ರೂಮಿನ ಎಸಿ ಆಫ್ ಮಾಡಿ ಕಿಟಕಿ ತೆರೆದಿಟ್ಟರೆ ಬಿಲ್ ಉಳಿಯುತ್ತದಲ್ಲವೇ? ರೂಮಿನ ಫೋಟೋ ಕಳಿಸಿದ್ದೇನೆ.

ಉತ್ತರ: ಬಿಲ್ ಉಳಿಯುತ್ತದೆ, ಸರ್ವರ್ ಉಳಿಯುವುದು ಅನುಮಾನ. ಎಸಿ ತಂಪು ಮಾಡುವುದಷ್ಟೇ ಅಲ್ಲ, ಗಾಳಿಯ ನೀರನ್ನೂ ಹಿಂಡಿ ಹೊರಗೆ ಹಾಕುತ್ತದೆ. ಆಷಾಢದಲ್ಲಿ ನಿಮ್ಮ ಕಡೆ ಚಪ್ಪಲಿಗೂ ಬೂಷ್ಟು ಬರುತ್ತದೆ, ಅದೇ ಗಾಳಿಯನ್ನು ರ‍್ಯಾಮಿನ ಕಾಲುಗಳಿಗೆ ಕುಡಿಸಬೇಡಿ. ರಿಪೇರಿಯವರು ರ‍್ಯಾಮ್ ಕಿತ್ತು, ರಬ್ಬರಿನಲ್ಲಿ ಉಜ್ಜಿ ಮತ್ತೆ ಹಾಕಿದರೆ ಎಷ್ಟೋ ಸಲ ಸರಿಹೋಗುವುದು ಆ ಕಾಲುಗಳಿಗೆ ಹಿಡಿದ ಕೊಳೆ ಹೋಗುವುದರಿಂದಲೇ. ಕಿಟಕಿ ಮುಚ್ಚಿ, ಎಸಿಯನ್ನು 24ಕ್ಕೆ ಇಡಿ. 16ಕ್ಕೆ ಇಳಿಸುವುದು ದಂಡ, 18ರಿಂದ 27 ಡಿಗ್ರಿ ಸರ್ವರಿಗೆ ಸಾಕು.

ಇನ್ನು ನಿಮ್ಮ ಫೋಟೋದಲ್ಲಿ ರ‍್ಯಾಕಿನ ಪಕ್ಕದಲ್ಲೇ ಎರಡು ಛತ್ರಿ, ಒಂದು ರೇನ್‌ಕೋಟ್ ತೊಟ್ಟಿಕ್ಕುತ್ತಾ ನಿಂತಿವೆ. ಅವನ್ನು ಇವತ್ತೇ ಜಗಲಿಗೆ ಸಾಗಿಸಿ.