ನಾಲ್ಕನೇ ಪುಟದ ಅಜ್ಜಿ

ನಮಸ್ಕಾರ.

ಎದೆಗೆ ಬೀಗ ಹಾಕಿಕೊಂಡು ಕೂತ ಹೆಣ್ಣೊಬ್ಬಳು ಕೊನೆಗೂ ಒಬ್ಬನನ್ನು ನಂಬುವ ನಿಮ್ಮ ಕಥೆ ಕೈಸೇರಿ ಎರಡು ತಿಂಗಳಾಯಿತು. ತಡವಾದದ್ದಕ್ಕೆ ಬೇಸರಿಸಬೇಡಿ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. 'ಸ್ಥಳಾಭಾವದಿಂದ ಹಿಂದಿರುಗಿಸಲಾಗಿದೆ' ಎಂಬ ಅಚ್ಚಾದ ಚೀಟಿ ನನ್ನ ಮೇಜಿನ ಮೇಲೆ ಕಟ್ಟುಗಟ್ಟಲೆ ಇದೆ. ಅದನ್ನೇ ಅಂಟಿಸಿ ಕಳಿಸುತ್ತಿದ್ದೆನೇನೋ, ನಾಲ್ಕನೇ ಪುಟದ ನಾಲ್ಕು ಸಾಲು ಬಿಡಲಿಲ್ಲ.

ಮೊದಲು ಕಹಿ. ನಿಮ್ಮ ಹನ್ನೆರಡು ಪುಟದಲ್ಲಿ 'ಎದೆಯ ಬೀಗ', 'ಮನದ ಕದ', 'ಹೃದಯದ ಕೀಲಿಕೈ' ಎಲ್ಲಾ ಸೇರಿ ಹದಿನಾಲ್ಕು ಸಲ ಬಂದಿವೆ. ಎಣಿಸಿದೆ. ಒಂದು ಕಡೆ ಕೀಲಿಕೈ ಚಿನ್ನದ್ದು, ಇನ್ನೊಂದು ಕಡೆ ತುಕ್ಕು ಹಿಡಿದದ್ದು. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಹಾಗಿರಲಿ, ಈ ಮಾತುಗಳನ್ನು ನೀವು ಎಲ್ಲೋ ಓದಿ ತಂದಿದ್ದೀರಿ, ನಿಮ್ಮ ಮನೆಯಲ್ಲಿ ಕೇಳಿದ್ದಲ್ಲ. ನಿಮ್ಮ ಅಮ್ಮ ಗುಟ್ಟು ಹೇಳುವಾಗ 'ಹೊಟ್ಟೆಯಲ್ಲಿ ಇಟ್ಕೋ' ಅಂದಿರುತ್ತಾರೆಯೇ ಹೊರತು 'ಎದೆಯಲ್ಲಿ ಬೀಗ ಹಾಕಿಡು' ಅಂದಿರಲಾರರು. ನಮ್ಮಲ್ಲಿ ಗುಟ್ಟಿನ ಜಾಗ ಹೊಟ್ಟೆ. ಬಾಯಿ ಸಡಿಲ ಇರುವವರನ್ನು 'ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲಲ್ಲ' ಅಂತ ಆಡಿಕೊಳ್ಳುತ್ತೇವೆ. ಇಷ್ಟು ಚೆಂದದ ಮಾತು ಕೈಯಲ್ಲಿದ್ದೂ ಅದನ್ನು ಬಿಟ್ಟು ಹೃದಯದ ಕೀಲಿಕೈ ಹುಡುಕಿಕೊಂಡು ಹೋದಿರಿ.

ಕಥೆಯ ಇಬ್ಬರಿಗೂ ಹೆಸರಿಲ್ಲ. 'ಅವಳು', 'ಅವನು'. ಹೆಸರಿಲ್ಲದಿದ್ದರೆ ಎಲ್ಲರ ಕಥೆಯಾಗುತ್ತದೆ ಎಂದುಕೊಂಡಿರಬೇಕು. ಯಾರ ಕಥೆಯೂ ಆಗುವುದಿಲ್ಲ. ಹೆಸರಿಡಿ.

ಇನ್ನು ಜೋಗದ ದೃಶ್ಯ. ಏಪ್ರಿಲ್ ತಿಂಗಳಲ್ಲಿ, ಬೆಳದಿಂಗಳಲ್ಲಿ, ಭೋರ್ಗರೆಯುವ ಜಲಪಾತದ ಎದುರು ಅವಳು ಪಿಸುಮಾತಿನಲ್ಲಿ 'ನನ್ನನ್ನೇ ನಿನಗೆ ಒಪ್ಪಿಸಿದ್ದೇನೆ' ಅನ್ನುತ್ತಾಳೆ. ನೀವು ಸಾಗರದವರು. ಜೋಗ ಮೂವತ್ತು ಕಿಲೋಮೀಟರ್. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದ ಮೇಲೆ ಬೇಸಿಗೆಯ ಜೋಗ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕೇ? ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಬಂಡೆಯ ಮೇಲೆ ಬಿಳಿ ದಾರ ಇಳಿಬಿಟ್ಟ ಹಾಗೆ ಕಾಣುತ್ತವೆ. ಅದು ಭೋರ್ಗರೆಯುವುದು ಮಳೆಗಾಲದಲ್ಲಿ, ಆಗ ಪಕ್ಕದಲ್ಲಿ ನಿಂತವರಿಗೂ ಕೂಗಿ ಹೇಳಬೇಕು. ನನ್ನನ್ನು ಕೇಳಿದರೆ ಆ ಒಣಗಿದ ಜೋಗವನ್ನೇ ಇಟ್ಟುಕೊಳ್ಳಿ. ನೀರು ನೋಡಲು ಬಂದು ಬಂಡೆ ನೋಡುತ್ತಾ ನಿಂತ ಇಬ್ಬರು ನಿಮ್ಮ ಬೆಳದಿಂಗಳಿಗಿಂತ ಎಷ್ಟೋ ಮೇಲು.

ಈಗ ನಾಲ್ಕನೇ ಪುಟ. ನಾಯಕಿ ಬ್ಯಾಂಕಿನ ಲಾಕರ್ ವಿಭಾಗದಲ್ಲಿದ್ದಾಳೆ, ನಿಮ್ಮ ಹಾಗೆಯೇ (ನಿಮ್ಮ ಪತ್ರದಿಂದ ತಿಳಿಯಿತು). ಪ್ರತಿ ಗುರುವಾರ ಒಬ್ಬ ಅಜ್ಜಿ ಬರುತ್ತಾರೆ. ರಿಜಿಸ್ಟರಿನಲ್ಲಿ ಸಹಿ ಹಾಕುತ್ತಾರೆ. ನಾಯಕಿ ಮಾಸ್ಟರ್ ಕೀ ತಿರುಗಿಸಿ ಹೊರಗೆ ಬಂದು ಬೆನ್ನು ಹಾಕಿ ನಿಲ್ಲುತ್ತಾಳೆ. ಹತ್ತು ನಿಮಿಷದ ಮೇಲೆ ಅಜ್ಜಿ ಖಾಲಿ ಕೈಯಲ್ಲಿ ಹೊರಗೆ ಬಂದು 'ಆಯ್ತಮ್ಮ' ಅನ್ನುತ್ತಾರೆ. ಏನನ್ನೂ ಇಡುವುದಿಲ್ಲ, ಏನನ್ನೂ ತೆಗೆಯುವುದಿಲ್ಲ.

ಇಷ್ಟು ಬರೆದು, ಮುಂದಿನ ಪ್ಯಾರಾದಲ್ಲಿ ಮತ್ತೆ 'ಅವಳ ಎದೆಯ ಬೀಗ' ಶುರು!

ಬೀಗದ ಬಗ್ಗೆ ನಿಮಗೆ ಗೊತ್ತಿರುವಷ್ಟು ಈ ಪತ್ರಿಕೆಗೆ ಬರೆಯುವ ಯಾರಿಗೂ ಗೊತ್ತಿಲ್ಲ. ಲಾಕರ್ ತೆರೆಯಲು ಎರಡು ಕೀಲಿ ಬೇಕು, ನಿಮ್ಮದೊಂದು, ಗ್ರಾಹಕರದೊಂದು. ನಿಮ್ಮದೊಂದರಿಂದಲೇ ತೆರೆಯುವುದಿಲ್ಲ, ಅವರದೊಂದರಿಂದಲೂ ಇಲ್ಲ. ಮುಚ್ಚುವಾಗ ಮಾತ್ರ ಸಾಮಾನ್ಯವಾಗಿ ಅವರೊಬ್ಬರೇ ಸಾಕು, ನೀವು ಬೇಕಿಲ್ಲ. ಒಳಗೆ ಏನಿದೆ ಎಂದು ಬ್ಯಾಂಕು ಕೇಳುವುದಿಲ್ಲ, ಬರೆದಿಟ್ಟುಕೊಳ್ಳುವುದೂ ಇಲ್ಲ. ಅದಕ್ಕೇ 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ, ಸಿಬ್ಬಂದಿಯೇ ಮೋಸ ಮಾಡಿ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಹೋದದ್ದು ಅಜ್ಜಿಯ ತಾಳಿಯೋ ಹಳೇ ಕಾಗದವೋ, ಲೆಕ್ಕ ಮಾತ್ರ ಬಾಡಿಗೆಯದು. ಇನ್ನೊಂದು ನಿಯಮವಿದೆ, ನಿಮಗೆ ಬಾಯಿಪಾಠ ಇರಬಹುದು: ಏಳು ವರ್ಷ ಲಾಕರ್ ತೆರೆಯದೆ, ಬಾಡಿಗೆದಾರರ ಪತ್ತೆಯೂ ಸಿಗದಿದ್ದರೆ, ಬಾಡಿಗೆ ತಪ್ಪದೆ ಬರುತ್ತಿದ್ದರೂ ಬ್ಯಾಂಕು ಅದನ್ನು ಒಡೆಸಬಹುದು. ನಿಮ್ಮ ನಾಯಕಿಯ ನಿಶ್ಚಿತಾರ್ಥ ಮುರಿದು ಸರಿಯಾಗಿ ಏಳು ವರ್ಷ. ಈ ಏಳನ್ನು ಗೊತ್ತಿದ್ದೇ ಬರೆದಿರೋ ಕೈತಪ್ಪಿ ಬಂತೋ? ಕೈತಪ್ಪಿ ಬಂದಿದ್ದರೆ ಅದೃಷ್ಟ. ಹಾಗಂತ ಲಾಕರನ್ನೇ ಹೊಸ ಉಪಮೆ ಮಾಡಿ 'ಅವಳ ಎದೆಯೂ ಒಂದು ಲಾಕರ್' ಅಂತ ಬರೆದರೆ ನಾನು ಓದುವುದಿಲ್ಲ. ಅದು ಅವಳ ಕೆಲಸವಾಗಿಯೇ ಇರಲಿ. ಬೆಳಿಗ್ಗೆ ಹತ್ತರಿಂದ ಕೀಲಿ ತಿರುಗಿಸಿ ಬೆನ್ನು ಹಾಕಿ ನಿಲ್ಲುವುದು ಅಭ್ಯಾಸವಾದ ಹೆಣ್ಣು ಅವಳು. ಅಷ್ಟು ಸಾಕು.

ನಿಮ್ಮಲ್ಲಿ ಇನ್ನೂ ಒಂದು ಒಳ್ಳೆಯ ಜಾಗವಿದೆ, ಅದು ನಿಮಗೇ ಗೊತ್ತಾಗಿಲ್ಲ. ಆರನೇ ಪುಟದಲ್ಲಿ ಇಬ್ಬರೂ ಹೋಟೆಲಿನಲ್ಲಿ ಕೂತಿದ್ದಾರೆ. ಅವಳು ಚೀಲದಿಂದ ಮಾತ್ರೆ ತೆಗೆಯುತ್ತಾಳೆ. ಅವನು ನೀರಿನ ಲೋಟವನ್ನು ಅವಳ ಕಡೆ ಸರಿಸುತ್ತಾನೆ. ಏನು ಮಾತ್ರೆ ಅಂತ ಕೇಳುವುದಿಲ್ಲ, ದೋಸೆಯ ಮಾತು ಮುಂದುವರಿಸುತ್ತಾನೆ. ಮೂರು ಪುಟ ದಾಟಿದ ಮೇಲೆ ಜೋಗದಲ್ಲಿ ಅವಳು ನಂಬುತ್ತಾಳೆ. ಈ ಮೂರು ಪುಟದಲ್ಲಿ ಏನೂ ನಡೆಯುವುದಿಲ್ಲ, ಬರೀ ಮಳೆ ಮೋಡ. ಕಥೆ ಇರಬೇಕಾದದ್ದು ಅಲ್ಲೇ. ಅವನು ಕೇಳದೇ ಇದ್ದದ್ದು ಅವಳ ಮೇಲಿನ ಗೌರವಕ್ಕೋ, ಇಲ್ಲಾ ಅವಳಿಗೆ ಏನಾದರೆ ತನಗೇನು ಎಂಬ ಉದಾಸೀನಕ್ಕೋ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬೆನ್ನು ಹಾಕಿ ನಿಲ್ಲುವುದೇ ಕಸುಬಾದ ಅವಳಿಗಂತೂ ಈ ಅನುಮಾನ ಬಂದೇ ಬರುತ್ತದೆ.

ಒಮ್ಮೆ ಏಟು ತಿಂದವರು ಹೇಗೆ ನಂಬುತ್ತಾರೆ ಎಂದು ನೋಡಿದ್ದೀರಲ್ಲ? ದೊಡ್ಡ ಗುಟ್ಟು ಹೇಳುವುದಿಲ್ಲ. ಮೊದಲು ಸಣ್ಣದೊಂದು ಹೇಳುತ್ತಾರೆ, ಹೋದರೆ ಹೋಗಲಿ ಅನ್ನುವಂಥದ್ದು. ಆಮೇಲೆ ಕಾಯುತ್ತಾರೆ, ಅದು ಬೇರೆ ಯಾರ ಬಾಯಿಂದಲಾದರೂ ವಾಪಸ್ ಬರುತ್ತದೆಯೇ ಅಂತ. ಮೂವತ್ತು ವರ್ಷದ ಹಿಂದೆ ನಾನು ಜೊತೆಗಾರನೊಬ್ಬನಿಗೆ ಮನೆಯ ಸಾಲದ ವಿಷಯ ಹೇಳಿದ್ದೆ. ಮೂರನೇ ದಿನ ಚಹದ ಅಂಗಡಿಯಲ್ಲಿ ಬೇರೆಯವರು 'ಏನ್ ಸಾರ್, ಸಾಲ ಜಾಸ್ತಿ ಆಯ್ತಂತೆ' ಅಂದರು. ಆ ಜೊತೆಗಾರ ಕೆಟ್ಟವನಲ್ಲ, ಇವತ್ತಿಗೂ ಮಾತಾಡುತ್ತೇವೆ, ಮಳೆ ಬೆಳೆ ಇಷ್ಟೇ. ನಿಮ್ಮ ನಾಯಕಿಯೂ ಅವನಿಗೆ ಒಂದು ಸಣ್ಣ ನಿಜ ಹೇಳಲಿ. ಮಾತ್ರೆಯ ಬಗ್ಗೆ ಅಲ್ಲ, ಅದಕ್ಕಿಂತ ಚಿಕ್ಕದು. ಆಮೇಲೆ ಎರಡು ವಾರ ಆಫೀಸಿನಲ್ಲಿ, ಬಸ್ಸಿನಲ್ಲಿ, ಅವನ ತಂಗಿಯ ಮುಖದಲ್ಲಿ ಅದನ್ನೇ ಹುಡುಕುತ್ತಾ ಓಡಾಡಲಿ. ಆ ಎರಡು ವಾರ ಬರೆಯಿರಿ. ಜೋಗ ಬೇಕಾದರೆ ಇರಲಿ. ಹನ್ನೆರಡನೇ ಪುಟ ಪೂರ್ತಿ ಹೊಡೆದುಹಾಕಿದ್ದೇನೆ.

ಅಜ್ಜಿಯ ಬಗ್ಗೆ ಒಂದು ಮಾತು ಕೇಳಬೇಕು. ಅವರು ನಿಮ್ಮ ಕಲ್ಪನೆಯೋ, ನಿಜವಾಗಿ ಬರುವವರೋ? ಆ 'ಆಯ್ತಮ್ಮ' ಓದಿದರೆ ನಿಜವಾದವರು ಅನ್ನಿಸುತ್ತದೆ. ಹೌದಾದರೆ ಗುರುವಾರ ತೆಗೆಯಿರಿ. ನೀವು ಬರೆದಿರುವ ಹಸಿರಂಚಿನ ಸೀರೆ, ಕುಂಟುವ ಎಡಗಾಲು ಎರಡನ್ನೂ ಬದಲಿಸಿ, ಊರನ್ನೂ ಬದಲಿಸಿ. ನಿಮ್ಮ ಊರಿನಲ್ಲಿ ನಮ್ಮ ಪತ್ರಿಕೆ ತರಿಸುವವರು ಅರವತ್ತು ಜನ ಇದ್ದಾರೆ, ಅವರಲ್ಲಿ ಒಬ್ಬರಾದರೂ ಗುರುತು ಹಿಡಿಯುತ್ತಾರೆ. ಅಜ್ಜಿ ಲಾಕರಿನ ಮುಂದೆ ಹತ್ತು ನಿಮಿಷ ಒಬ್ಬರೇ ಇದ್ದದ್ದು ನೀವು ಬೆನ್ನು ಹಾಕಿ ನಿಂತಿದ್ದೀರಿ ಅನ್ನುವ ಧೈರ್ಯದ ಮೇಲೆ.

ಗುರುವಾರದ ಬದಲು ಯಾವ ವಾರವಾದರೂ ನಡೆದೀತು. 'ಆಯ್ತಮ್ಮ' ಮಾತ್ರ ಬಿಡಬೇಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ