ಜೂನಿಯರ್ ಕಾಲೇಜು ಅಂದ್ರೆ ಪಿಯುಸಿ ಅಲ್ವಾ?

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಸಲಹೆ ಕೇಳಲು ನನ್ನ ಹತ್ತಿರ ಬಂದದ್ದು ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬ. ಮಗ ಅಲ್ಲೇ ಹುಟ್ಟಿದವನು, ಹನ್ನೆರಡನೇ ಕ್ಲಾಸು. ಮಿಲಿಟರಿ ಜೂನಿಯರ್ ಕಾಲೇಜಿಗೆ ಸೇರ್ತೀನಿ ಅಂತ ಹಟ ಹಿಡಿದಿದ್ದ.

ಅಪ್ಪನ ಮೊದಲ ಮಾತೇ, "ಮೇಡಂ, ಜೂನಿಯರ್ ಕಾಲೇಜು ಅಂದ್ರೆ ನಮ್ಮ ಪಿಯುಸಿ ಅಲ್ವಾ? ಹೈಸ್ಕೂಲ್ ಮುಗಿಸಿ ಮತ್ತೆ ಪಿಯುಸಿ ಯಾಕೆ?"

ನಗು ಬಂತು, ಆದರೆ ತಪ್ಪು ಅವರದಲ್ಲ. ಅಲ್ಲಿ ಜೂನಿಯರ್ ಕಾಲೇಜು ಅಂದರೆ ಹೈಸ್ಕೂಲಿನ ನಂತರದ ಎರಡು ವರ್ಷ, ಅಂದರೆ ಡಿಗ್ರಿಯ ಮೊದಲರ್ಧ. ಮುಗಿಸಿದರೆ ಅಸೋಸಿಯೇಟ್ ಡಿಗ್ರಿ. ಮಿಲಿಟರಿ ಶಿಸ್ತಿನಲ್ಲಿ ಇದನ್ನು ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು: ಅಲಬಾಮಾದ ಮರಿಯನ್, ನ್ಯೂ ಮೆಕ್ಸಿಕೋದ ರಾಸ್‌ವೆಲ್, ಜಾರ್ಜಿಯಾದ ಮಿಲೆಜ್‌ವಿಲ್ ಊರುಗಳಲ್ಲಿ ಇರುವಂಥವು. ಮರಿಯನ್‌ನದು 1842ರಷ್ಟು ಹಳೆಯದು.

ಹುಡುಗನ ಕಣ್ಣು ಇದ್ದದ್ದು ಬೇರೆ ಕಡೆ. ಈ ಕಾಲೇಜುಗಳಲ್ಲಿ ಆರ್ಮಿಯ ಒಂದು ದಾರಿ ಇದೆ, ಎರಡೇ ವರ್ಷಕ್ಕೆ ಸೆಕೆಂಡ್ ಲೆಫ್ಟಿನೆಂಟ್, ಅಂದರೆ ಮೊದಲ ಹಂತದ ಆಫೀಸರ್, ಆಗಬಹುದು. ಬೇಸಿಗೆಯಲ್ಲಿ ಕೆಂಟಕಿಯ ಫೋರ್ಟ್ ನಾಕ್ಸ್ ಶಿಬಿರ, ಪುಷ್‌ಅಪ್ ಲೆಕ್ಕ, ಓಟದ ಸಮಯ, ಎಲ್ಲಾ ಬಾಯಿಪಾಠ.

"ಸರಿ ಕಣೋ, ಮೂರನೇ ವರ್ಷ ಎಲ್ಲಿ ಓದ್ತೀಯ?" ಅಂದೆ.

ಸುಮ್ಮನಾದ. "ಆಫೀಸರ್ ಆಗಿರ್ತೀನಲ್ಲ ಆಂಟಿ?"

ಎಡವಟ್ಟು ಇರುವುದೇ ಇಲ್ಲಿ. ಹೆಗಲಿಗೆ ಪಟ್ಟಿ ಬಂದರೂ ಪೂರ್ತಿ ಡಿಗ್ರಿ ಕೈಗೆ ಬರುವ ತನಕ ಆರ್ಮಿಯಲ್ಲಿ ಪೂರ್ಣಕಾಲದ ಹುದ್ದೆ ಇಲ್ಲ. ರಿಸರ್ವ್ ಅಥವಾ ನ್ಯಾಷನಲ್ ಗಾರ್ಡ್ ಅನ್ನುವ ಅರೆಕಾಲಿಕ ಪಡೆಗಳಲ್ಲಿ ಇದ್ದುಕೊಂಡು, ಇನ್ನೊಂದು ಕಾಲೇಜು ಹುಡುಕಿ, ಉಳಿದ ಎರಡು ವರ್ಷ ಓದಬೇಕು. ಅಲ್ಲಿ ಹಳೆಯ ಕ್ರೆಡಿಟ್, ಅಂದರೆ ಈಗಾಗಲೇ ಓದಿ ಪಾಸಾದ ಪಾಠಗಳ ಲೆಕ್ಕ, ಎಷ್ಟು ಒಪ್ಪುತ್ತಾರೆ ಅನ್ನುವುದನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿಕೋ ಅಂದೆ. ಎಂಜಿನಿಯರಿಂಗ್ ಮನಸ್ಸಿದ್ದರಂತೂ ಇನ್ನೂ ಜಾಸ್ತಿ ಹುಷಾರು.

ಅಮ್ಮ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಬ್ಯಾಗಿನಿಂದ ನೀಲಿ ಇನ್‌ಹೇಲರ್ ತೆಗೆದು ಮೇಜಿನ ಮೇಲಿಟ್ಟರು. ಹದಿನಾಲ್ಕನೇ ವಯಸ್ಸಿನಲ್ಲೂ ಬಳಸಿದ್ದನಂತೆ. ಅಪ್ಪ ತಕ್ಷಣ, "ಈಗ ಉಬ್ಬಸ ಇಲ್ವಲ್ಲ, ಹೇಳಲೇಬೇಕಾ?" ಅಂದರು.

ಹೇಳಲೇಬೇಕು. ಹದಿಮೂರು ತುಂಬಿದ ಮೇಲೆ ಆಸ್ತಮಾ ಇದ್ದರೆ ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹ. ವಿನಾಯಿತಿ ಕೇಳಬಹುದು, ಸಿಗಲೂಬಹುದು. ಮುಚ್ಚಿಟ್ಟು ಸಹಿ ಹಾಕಿದರೆ ಸಿಕ್ಕಿಬೀಳುವುದು ಮಗ, ನೀವಲ್ಲ ಅಂದೆ, ಸ್ವಲ್ಪ ಒರಟಾಗಿಯೇ.

ಅಮ್ಮನ ಭಯ ಯುದ್ಧದ್ದು. ಅದನ್ನು ನಾನು ಸವರಿ ಸಮಾಧಾನ ಮಾಡಲಿಲ್ಲ. ಕಾಲೇಜಿಗೆ ಸೇರುವುದು ಬೇರೆ, ಆರ್ಮಿಯ ಕರಾರಿಗೆ ಸಹಿ ಹಾಕುವುದು ಬೇರೆ. ಸಹಿ ಬಿದ್ದರೆ ಒಟ್ಟು ಎಂಟು ವರ್ಷದ ಸೇವೆಯ ಋಣ. ಬರೀ ಶಿಸ್ತು, ಓದು ಸಾಕು ಅನ್ನುವವರು ಕರಾರಿಲ್ಲದೆಯೂ ಅಲ್ಲಿ ಓದಬಹುದು.

ಇನ್ನೊಂದು ದಾರಿಯನ್ನೂ ಮುಂದಿಟ್ಟೆ. ಎಷ್ಟೋ ಸಾಮಾನ್ಯ ನಾಲ್ಕು ವರ್ಷದ ಯೂನಿವರ್ಸಿಟಿಗಳಲ್ಲಿ ಆರ್ಮಿ ಆರ್‌ಒಟಿಸಿ, ಅಂದರೆ ಓದಿನ ಜೊತೆಗೇ ಆಫೀಸರ್ ತರಬೇತಿ, ಇರುತ್ತದೆ. ಸ್ಕಾಲರ್‌ಶಿಪ್ ತಗೊಳ್ಳದಿದ್ದರೆ ಮೊದಲ ಎರಡು ವರ್ಷ ಯಾವ ಋಣವೂ ಇಲ್ಲದೆ ನೋಡಬಹುದು. ಹದಿನೆಂಟಕ್ಕೆ ಇದೇ ವಾಸಿ ಅಂತ ನನ್ನ ಅನಿಸಿಕೆ, ಅವನಿಗೂ ಅದನ್ನೇ ಹೇಳಿದೆ. ಮುಖ ಊದಿಸಿಕೊಂಡ.

ಆಮೇಲೆ ಅಪ್ಪ, ಮಗ ಇಬ್ಬರೇ ಕಾರಿನಲ್ಲಿ ಹೋಗಿ ಒಂದು ಕಾಲೇಜು ನೋಡಿಕೊಂಡು ಬಂದರು. ಈಗ ಎರಡೂ ಕಡೆ ಅರ್ಜಿ ಹಾಕಿದ್ದಾನೆ. ವೈದ್ಯಕೀಯ ವಿನಾಯಿತಿ ಪತ್ರಕ್ಕೆ ಕಾಯುತ್ತಿದ್ದಾರೆ. ಅಪ್ಪ ಈಗಲೂ ನೆಂಟರಿಗೆ ಫೋನಿನಲ್ಲಿ "ಮಿಲಿಟರಿ ಪಿಯುಸಿ" ಅಂತಲೇ ಹೇಳುತ್ತಾರಂತೆ.